ಹಳೆ ಕ್ಯಾಮೆರಾ ಗೋಡೆಗೆ ಹಾಕೋಕೆ ಸಿಸಿಟಿವಿ ಬ್ರಾಕೆಟ್: ಬಳಸಿ ನೋಡಿದ ಮೇಲಿನ ಮಾತು

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಹಳೆ ಫಿಲ್ಮ್ ಕ್ಯಾಮೆರಾಗಳನ್ನು ಗೋಡೆ ಮೇಲೆ ಅಂದವಾಗಿ ನಿಲ್ಲಿಸಬೇಕು ಅಂತಿದ್ದರೆ, ಶೋಕೇಸ್ ಸಾಮಾನು ಮಾರುವ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಸಿಸಿಟಿವಿ ಕ್ಯಾಮೆರಾ ಕೂರಿಸುವ ಪುಟ್ಟ ಬ್ರಾಕೆಟ್ ಇರುತ್ತದಲ್ಲ, ಬುಡದಲ್ಲಿ ತೂತುಗಳಿರುವ ತಟ್ಟೆ, ನಡುವೆ ಗಿಡ್ಡ ತೋಳು, ಆಮೇಲೆ ತಿರುಗುವ ಗುಂಡು, ತುದಿಯಲ್ಲಿ ಒಂದು ಸ್ಕ್ರೂ, ಅದನ್ನು ತನ್ನಿ. ಲೋಹದ್ದೇ ತನ್ನಿ. ತೋಳು ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಗೋಡೆಗೆ ನೇರವಾಗಿ ಹೊಡೆಯಬೇಡಿ, ಮೊದಲು ಒಂದು ಪ್ಲೈವುಡ್ ಪಟ್ಟಿ ಕೂರಿಸಿ, ಅದರ ಮೇಲೆ ಬ್ರಾಕೆಟ್ ಹಾಕಿ. ಇಷ್ಟೇ ವಿಷಯ. ಯಾಕೆ ಅಂತ ತಿಳಿಯಬೇಕಾದವರು ಮುಂದೆ ಓದಿ.

ನಾನು ಬಹಳ ವರ್ಷ ಲೇತ್ ಮುಂದೆ ನಿಂತು ದುಡಿದವನು. ಥ್ರೆಡ್, ಅಂದರೆ ಸ್ಕ್ರೂ ಮೈಮೇಲಿನ ಸುತ್ತು ಹಲ್ಲು, ಕಂಡರೆ ಕೈ ಸುಮ್ನಿರಲ್ಲ, ಗೇಜ್ ಹಿಡಿದು ಅಳೆದೇ ಬಿಡುತ್ತೇನೆ. ನನ್ನ ಹತ್ತಿರ ಇರುವುದು ಜಾಸ್ತಿ 35 ಎಂಎಂ ಎಸ್‌ಎಲ್‌ಆರ್‌ಗಳು, ಅಂದರೆ ಒಳಗಿನ ಕನ್ನಡಿ ಮೂಲಕ ಲೆನ್ಸ್‌ನಿಂದಲೇ ನೋಡಿ ಫೋಟೋ ತೆಗೆಯುವವು. ಜೊತೆಗೆ ಕೆಲವು ರೇಂಜ್‌ಫೈಂಡರ್ (ಕನ್ನಡಿ ಇಲ್ಲದೆ ಬೇರೆ ಪುಟ್ಟ ಕಿಂಡಿಯಿಂದ ನೋಡುವವು), ಮೇಲಿನಿಂದ ಬಗ್ಗಿ ನೋಡುವ ಒಂದು ಯಶಿಕಾ ಮ್ಯಾಟ್ 124 ಜಿ, ಮಡಚುವ ಕ್ಯಾಮೆರಾ ಒಂದೆರಡು, ತಗಡಿನ ಪೆಟ್ಟಿಗೆ ಕ್ಯಾಮೆರಾ ಒಂದೆರಡು. ಎಲ್ಲವೂ ಬೀರುವಿನೊಳಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಸಂಗ್ರಹ ಅಂತ ಮಾಡಿ ಬೀರುವಿನಲ್ಲಿ ಬಚ್ಚಿಟ್ಟರೆ ಏನು ಸುಖ? ಹೊರಗೆ ತರೋಣ ಅಂತ ಹುಡುಕೋಕೆ ಶುರು ಮಾಡಿದೆ.

ಹುಡುಕಿದಾಗ ಒಂದು ವಿಷಯ ಬೇಗ ಗೊತ್ತಾಯಿತು. ಗೋಡೆಗೆ ಹಾಕುವ ಸಾಮಾನೆಲ್ಲ ಚಪ್ಪಟೆ ವಸ್ತುಗಳಿಗಾಗಿ ಮಾಡಿದ್ದು. ಫೋಟೋ ಫ್ರೇಮ್, ಅಲಂಕಾರದ ತಟ್ಟೆ, ನಾಣ್ಯ, ಬ್ಯಾಡ್ಜು, ಇವೆಲ್ಲ ಗೋಡೆಗೆ ಬೆನ್ನು ಅಂಟಿಸಿಕೊಂಡು ಇರುತ್ತವೆ. ಅವುಗಳ ಭಾರ ಗೋಡೆಗುಂಟ ಕೆಳಗೆ ಇಳಿಯುತ್ತದೆ. ಕ್ಯಾಮೆರಾ ಹಾಗಲ್ಲ. ಅದಕ್ಕೆ ಮೂಗಿದೆ. ಪೆಂಟ್ಯಾಕ್ಸ್ ಕೆ1000 ತಗೊಳ್ಳಿ. 1976ರಿಂದ 1997ರವರೆಗೆ ಬಂದ ಕ್ಯಾಮೆರಾ, ಪಾಠ ಕಲಿಯೋಕೆ ಅಂತ ಎಷ್ಟೋ ಜನ ಕೈಯಲ್ಲಿ ಹಿಡಿದದ್ದು. ಅದರ ಮೈ ಒಂದೇ 620 ಗ್ರಾಂ. 50 ಎಂಎಂ ಲೆನ್ಸ್ ಹಾಕಿದರೆ 800 ಗ್ರಾಂ ಹತ್ತಿರ ಬರುತ್ತದೆ. ನಿಕಾನ್ ಎಫ್2ಗೆ ಲೆನ್ಸ್ ಹಾಕಿದರೆ ಕಿಲೋ ದಾಟುತ್ತದೆ. ಆ ಭಾರದಲ್ಲಿ ಒಂದು ಪಾಲು ಗಾಜು, ಅದು ಮುಂದಕ್ಕೆ ಚಾಚಿಕೊಂಡು ಗೋಡೆಯಿಂದ ದೂರ ಕೂತಿರುತ್ತದೆ. ಅದೇ ತೊಂದರೆ.

ಬೆಲ್ಟ್ ಹಿಡಿದು ಮೊಳೆಗೆ ನೇತು ಹಾಕಿದರಾಯ್ತು ಅಂತ ಯಾರಿಗಾದರೂ ಮೊದಲು ಅನಿಸುತ್ತದೆ. ಕ್ಯಾಮೆರಾದ ಎರಡು ಕಿವಿಗಳು ಭಾರ ತಡೆಯುತ್ತವೆ, ಅದರಲ್ಲಿ ಅನುಮಾನವಿಲ್ಲ. ಕೊರಳಿಗೆ ಹಾಕಿಕೊಂಡು ಓಡಾಡೋಕೆ ಅಂತಲೇ ಇಟ್ಟ ಕಿವಿಗಳವು. ಆದರೆ ಲೆನ್ಸ್ ಇರುವ ಎಸ್‌ಎಲ್‌ಆರ್ ನೇತು ಹಾಕಿದ ತಕ್ಷಣ ಮೂಗು ತಗ್ಗಿಸಿ ನೆಲ ನೋಡೋಕೆ ಶುರು ಮಾಡುತ್ತದೆ. ನಿಮಗೆ ಕಾಣುವುದು ಮೇಲಿನ ತಟ್ಟೆ, ಅದರ ಮೇಲೆ ಉಬ್ಬಿರುವ ಪೆಂಟಾಪ್ರಿಸಂ ಗಾಜಿನ ಗೂಡಿನ ನೆತ್ತಿ. ಹೆಸರು ಬರೆದಿರುವ ಮುಖವೇ ಕಾಣಲ್ಲ. ಲೆನ್ಸ್ ಬಿಚ್ಚಿಟ್ಟರೆ ನೆಟ್ಟಗೆ ನಿಲ್ಲುತ್ತದೆ, ಆದರೆ ಬಾಯಿ ತೆರೆದ ಕ್ಯಾಮೆರಾ ನೋಡೋಕೆ ಚಂದವಲ್ಲ, ಕನ್ನಡಿ ಮೇಲೆ ಧೂಳು ಬೇರೆ.

ಅಂಟು ಪಟ್ಟಿಗಳ ಬಗ್ಗೆ ಎರಡೇ ಮಾತು. 3ಎಂ ಕಂಪನಿಯ ಕಮಾಂಡ್ ಪಟ್ಟಿಗಳು ಎಲ್ಲರಿಗೂ ಗೊತ್ತು. ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒತ್ತಿ ಹಿಡಿದು, ಭಾರ ಹಾಕುವ ಮುಂಚೆ ಒಂದು ಗಂಟೆ ಬಿಟ್ಟರೆ ಫೋಟೋ ಫ್ರೇಮ್‌ಗೆ ಚೆನ್ನಾಗೇ ಕೆಲಸ ಮಾಡುತ್ತವೆ. ತೆಗೆಯುವಾಗ ಗೋಡೆಗುಂಟ ನೇರ ಕೆಳಗೆ ಎಳೆದರೆ ಬಣ್ಣವೂ ಕೀಳಲ್ಲ. ಆದರೆ ಅವು ಕೆಳಗೆ ಜಾರುವ ಭಾರಕ್ಕೆ ಮಾಡಿದ್ದು, ಗೋಡೆಯಿಂದ ಹೊರಕ್ಕೆ ಕೀಳುವ ಭಾರಕ್ಕಲ್ಲ. ಹಳೆ ಲೆನ್ಸ್ ಕ್ಯಾಪು, ಫಿಲ್ಮ್ ಡಬ್ಬಿ, ಕಂಪನಿ ಬ್ಯಾಡ್ಜು ಇಂಥದ್ದಕ್ಕೆ ಧಾರಾಳವಾಗಿ ಬಳಸಿ. ಕ್ಯಾಮೆರಾಗೆ ಬೇಡವೇ ಬೇಡ.

ತೂತು ಬೋರ್ಡ್ ಅಂದರೆ ಪೆಗ್‌ಬೋರ್ಡ್, ಇದರ ಮೇಲೆ ನನಗೆ ನಿಜಕ್ಕೂ ಆಸೆ ಇತ್ತು. ವರ್ಕ್‌ಶಾಪ್‌ನಲ್ಲಿ ಸ್ಪ್ಯಾನರ್, ಕಟಿಂಗ್ ಪ್ಲೇಯರ್ ಎಲ್ಲ ಅದರ ಮೇಲೇ ಇರುತ್ತಿದ್ದವು. ಒಂದೊಂದು ಇಂಚಿಗೆ ಒಂದು ತೂತು, ಬೇಕಾದ ಕಡೆ ಕೊಕ್ಕೆ ಸಿಕ್ಕಿಸಿ, ಬೇಡ ಅಂದರೆ ಜಾಗ ಬದಲಿಸಿ. ಸಂಗ್ರಹ ಬೆಳೆಯುವವನಿಗೆ ಇದಕ್ಕಿಂತ ಅನುಕೂಲ ಇನ್ನೇನು? ಆದರೆ ಗಮನಿಸಬೇಕಾದ ಸಂಗತಿ ಮೂರು ನಾಲ್ಕಿವೆ. ಹಾರ್ಡ್‌ಬೋರ್ಡ್‌ನದ್ದು 3 ಮಿಲಿಮೀಟರ್ ದಪ್ಪದ್ದೂ ಬರುತ್ತದೆ, 6 ಮಿಲಿಮೀಟರ್‌ನದ್ದೂ ಬರುತ್ತದೆ. ತೆಳುವಾದದ್ದಕ್ಕೆ ಭಾರದ ಕೊಕ್ಕೆ ಹಾಕಿದರೆ ತೂತಿನ ಬಾಯಿ ನಿಧಾನವಾಗಿ ಅಗಲವಾಗುತ್ತದೆ. ಬೋರ್ಡ್ ಹಿಂದೆ ಒಂದು ಸೆಂಟಿಮೀಟರ್ ಆದರೂ ಜಾಗ ಬಿಡಬೇಕು, ಇಲ್ಲದಿದ್ದರೆ ಕೊಕ್ಕೆಯ ಬಾಲ ಒಳಗೆ ಹೋಗಲ್ಲ. ಕಂಪನಿಯಿಂದ ಕಂಪನಿಗೆ ತೂತು ಬೇರೆ. ಐಕಿಯಾದ ಸ್ಕೋಡಿಸ್ ಬೋರ್ಡಿನ ತೂತು ಉದ್ದುದ್ದ ಸೀಳು, ಗುಂಡು ತೂತಿನ ಕೊಕ್ಕೆ ಅದಕ್ಕೆ ಹೊಂದಲ್ಲ, ಅದರ ಕೊಕ್ಕೆಯನ್ನೇ ತರಬೇಕು. ಇವೆಲ್ಲ ಸರಿ ಮಾಡಿಕೊಳ್ಳಬಹುದು. ಸರಿಮಾಡೋಕೆ ಆಗದ್ದು ಇನ್ನೊಂದಿದೆ. ಕೊಕ್ಕೆ ಮೇಲಿನ ವಸ್ತು ಎತ್ತಿದಾಗ ಕೊಕ್ಕೆಯೂ ಜೊತೆಗೇ ಎದ್ದು ಬರುತ್ತದೆ. ಸ್ಪ್ಯಾನರ್ ಆದರೆ ನಗುತ್ತಾ ಎತ್ತಿ ಮತ್ತೆ ಸಿಕ್ಕಿಸುತ್ತೀರಿ. ಕ್ಯಾಮೆರಾ ಎತ್ತುವಾಗ ಪಕ್ಕದ ಕೊಕ್ಕೆ ಅಲುಗಿದರೆ ಎದೆ ಧಸಕ್ ಅನ್ನುತ್ತದೆ. ಕೊಕ್ಕೆ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಸಿಗುತ್ತವೆ, ಹಾಕಿದರೆ ಅಲುಗಾಟ ಕಡಿಮೆಯಾಗುತ್ತದೆ. ಆದರೂ ಕ್ಯಾಮೆರಾಗೆ ಕೂರೋಕೆ ಸರಿಯಾದ ಆಕಾರದ ಕೊಕ್ಕೆ ನನಗೆ ಎಲ್ಲೂ ಕಾಣಲಿಲ್ಲ. ಫ್ಲಾಶ್, ಲೈಟ್ ಮೀಟರ್, ಕೇಬಲ್ ರಿಲೀಸ್, ಫಿಲ್ಟರ್ ಉಂಗುರ ಇವುಗಳಿಗೆ ಮಾತ್ರ ಪೆಗ್‌ಬೋರ್ಡ್ ಬಹಳ ಚೆನ್ನ. ನಾನು ಒಂದು ಸಣ್ಣ ಬೋರ್ಡ್ ಅದಕ್ಕಾಗಿಯೇ ಉಳಿಸಿಕೊಂಡಿದ್ದೇನೆ.

ಫೋಟೋ ಲೆಡ್ಜ್ ಅಂತ ಬರುವ ಕಿರಿದಾದ ಹಲಗೆಗಳೂ ಕೆಟ್ಟದ್ದಲ್ಲ. ಐಕಿಯಾದ ಮೊಸ್‌ಲಾಂಡಾ 12 ಸೆಂಟಿಮೀಟರ್ ಆಳ ಇದೆ. 50 ಎಂಎಂ ಲೆನ್ಸ್ ಹಾಕಿದ ಎಸ್‌ಎಲ್‌ಆರ್ ಮೂಗಿನಿಂದ ಬೆನ್ನಿಗೆ ಎಂಟೊಂಬತ್ತು ಸೆಂಟಿಮೀಟರ್ ಅಷ್ಟೇ, ಆರಾಮಾಗಿ ಕೂರುತ್ತದೆ. ಮುಂದೆ ಒಂದು ಅಂಚಿರುವುದರಿಂದ ಜಾರಿ ಬೀಳುವ ಭಯವೂ ಕಡಿಮೆ. ಆದರೆ ಅದೇ ಅಂಚು ಕ್ಯಾಮೆರಾದ ಕಾಲು ಮುಚ್ಚುತ್ತದೆ. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ಕೋನದಲ್ಲಿ ನಿಲ್ಲುತ್ತವೆ. ನೋಡೋಕೆ ಅಂಗಡಿಯ ಕಪಾಟು ಬಂದುಬಿಡುತ್ತದೆ, ನನಗದು ಹಿಡಿಸಲಿಲ್ಲ.

ಗಾಜಿನ ಬಾಗಿಲಿನ ಗೋಡೆ ಪೆಟ್ಟಿಗೆ? ಧೂಳಿಗೆ ಅದೇ ರಾಜ. ಆದರೆ ಗಾಳಿಯಾಡದ, ತೇವ ಹಿಡಿದಿಡುವ ಜಾಗ ಅಂದರೆ ಲೆನ್ಸ್ ಫಂಗಸ್‌ಗೆ ಹಬ್ಬ. ಗಾಜಿನ ಮೇಲೆ ಜೇಡರ ಬಲೆಯ ಎಳೆಗಳು ಹಬ್ಬಿದರೆ ಆ ಲೆನ್ಸ್ ಮುಗಿದ ಲೆಕ್ಕ. ಸಿಲಿಕಾ ಜೆಲ್ ಇಟ್ಟು, ಆಗಾಗ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವ ತಾಳ್ಮೆ ಇದ್ದವರು ಪೆಟ್ಟಿಗೆ ಹಾಕಿಸಿಕೊಳ್ಳಲಿ. ನನಗೆ ಧೂಳು ಒರೆಸುವುದೇ ಸುಲಭ.

ಈಗ ಬ್ರಾಕೆಟ್‌ಗೆ ಬರೋಣ. ಯಾವುದೇ ಒಳ್ಳೆ ಕ್ಯಾಮೆರಾ ತಿರುಗಿಸಿ ತಳ ನೋಡಿ. ಟ್ರೈಪಾಡ್‌ಗೆ ಅಂತ ಒಂದು ತೂತಿದೆ. ಗೋಡೆಗೆ ಸಿಕ್ಕಿಸುವ ಜಾಗವನ್ನು ಕ್ಯಾಮೆರಾ ಮಾಡಿದವರೇ ಕೊಟ್ಟು ಕಳಿಸಿದ್ದಾರೆ! ಇಷ್ಟು ದಿನ ಕೊಕ್ಕೆ ಹುಡುಕುತ್ತಾ ಕೂತವರು ತಳ ತಿರುಗಿಸಿ ನೋಡಿದ್ದರೆ ಸಾಕಿತ್ತು. ಆ ತೂತಿನ ಥ್ರೆಡ್ ಕಾಲು ಇಂಚು ದಪ್ಪ, ಇಂಚಿಗೆ 20 ಸುತ್ತು. ಐಎಸ್‌ಒ 1222 ಅನ್ನುವ ಮಾನದಂಡ ಇದಕ್ಕೇ ಇದೆ. ಜಪಾನಿನ ಎಸ್‌ಎಲ್‌ಆರ್ ಆಗಲಿ, ಇವತ್ತಿನ ಡಿಜಿಟಲ್ ಕ್ಯಾಮೆರಾ ಆಗಲಿ, ಅದೇ ಥ್ರೆಡ್. ಸಿಸಿಟಿವಿ ಕ್ಯಾಮೆರಾ, ವೆಬ್‌ಕ್ಯಾಮ್ ಮಾಡುವವರೂ ಬಹಳ ಕಡೆ ಇದನ್ನೇ ಬಳಸುತ್ತಾರೆ. ಹಾಗಾಗಿ ಅವರ ಬ್ರಾಕೆಟ್ ನಮ್ಮ ಹಳೆ ಪೆಂಟ್ಯಾಕ್ಸ್‌ಗೆ ಹೇಳಿ ಮಾಡಿಸಿದಷ್ಟು ಸರಿಯಾಗಿ ಕೂರುತ್ತದೆ. ಯುರೋಪಿನ ಹಳೆ ಕ್ಯಾಮೆರಾಗಳಲ್ಲಿ ಕೆಲವಕ್ಕೆ ಇನ್ನೂ ದಪ್ಪನೆ ಥ್ರೆಡ್ ಇರುತ್ತದೆ, ಮೂರೆಂಟಾಂಶ ಇಂಚು, ಇಂಚಿಗೆ 16 ಸುತ್ತು. ಅದಕ್ಕೆ ಒಂದು ಪುಟ್ಟ ಹಿತ್ತಾಳೆ ಅಥವಾ ಉಕ್ಕಿನ ಬುಷ್ ಸಿಗುತ್ತದೆ. ಒಳಗೆ ತಿರುಗಿಸಿ ಕೂರಿಸಿದರೆ ಕಾಲು ಇಂಚಿನದ್ದಾಗುತ್ತದೆ.

ನಾನು ತಂದ ಬ್ರಾಕೆಟ್ ಬಗ್ಗೆ. ಎರಕದ ಅಲ್ಯೂಮಿನಿಯಂ, ಮೇಲೆ ಕಪ್ಪು ಪುಡಿ ಬಣ್ಣ. ಬುಡ ಚೌಕ, ನಾಲ್ಕು ಮೂಲೆಗೆ ನಾಲ್ಕು ತೂತು. ತೂತಿನ ಬಾಯಿ ಇಳಿಜಾರಾಗಿ ಕೊರೆದಿದ್ದಾರೆ, ಸ್ಕ್ರೂ ತಲೆ ಒಳಗೆ ಕೂತು ಮಟ್ಟಸವಾಗುತ್ತದೆ. ತೋಳು ಬೆರಳುದ್ದ. ತುದಿಯಲ್ಲಿ ಉಕ್ಕಿನ ಗುಂಡು ಒಂದು ಬಟ್ಟಲಿನಲ್ಲಿ ಕೂತಿದೆ, ಬಟ್ಟಲನ್ನು ಬಿಗಿಮಾಡೋಕೆ ಪಕ್ಕದಲ್ಲಿ ಅಲೆನ್ ಬೋಲ್ಟ್. ಗುಂಡಿನಿಂದ ಮೇಲಕ್ಕೆ ಸ್ಕ್ರೂ, ಅದರ ಮೇಲೆ ಬೆರಳಲ್ಲಿ ತಿರುಗಿಸುವ ಗೀರುಗೀರಿನ ಉಂಗುರ. ಕ್ಯಾಮೆರಾ ಸ್ಕ್ರೂ ಮೇಲೆ ಕೂರುತ್ತದೆ. ಬ್ರಾಕೆಟ್ ಪೂರ್ತಿ ಕ್ಯಾಮೆರಾದ ಕೆಳಗೆ, ಹಿಂದೆ ಅಡಗಿಕೊಳ್ಳುತ್ತದೆ. ಎದುರಿಗೆ ನಿಂತವರಿಗೆ ಬುಡದ ಕೆಳ ಅಂಚು ಸ್ವಲ್ಪ ಕಾಣುತ್ತದೆ ಅಷ್ಟೇ. ಗೋಡೆ ಬಣ್ಣವನ್ನೇ ಬಳಿದರೆ ಅದೂ ಕಾಣಲ್ಲ.

ಎಲ್ಲ ಬ್ರಾಕೆಟ್ ಇಷ್ಟು ಚೆನ್ನಾಗಿರಲ್ಲ. ಇನ್ನೊಂದು ಕಂಪನಿಯದ್ದೂ ತಂದಿದ್ದೆ, ಹೆಸರು ಬೇಡ. ನೋಡೋಕೆ ಇದರ ಅಣ್ಣತಮ್ಮನೇ. ಆದರೆ ಗುಂಡು ಪ್ಲಾಸ್ಟಿಕ್, ಮೇಲೆ ಬೆಳ್ಳಿ ಬಣ್ಣ. ಬಿಗಿ ಮಾಡಿದಾಗ ಹಿಡಿದಂತೆ ತೋರುತ್ತದೆ. ಬೆಳಿಗ್ಗೆ ನೋಡಿದರೆ ಕ್ಯಾಮೆರಾ ಮೂಗು ಒಂದು ಬೆರಳು ಕೆಳಗೆ ಇಳಿದಿರುತ್ತದೆ. ಮತ್ತೆ ಬಿಗಿ, ಮತ್ತೆ ಇಳಿತ. ಜೋರಾಗಿ ಬಿಗಿ ಮಾಡಿದರೆ ಬಟ್ಟಲು ಸೀಳುತ್ತದೆ. ಸಿಸಿಟಿವಿಯ ಹಗುರ ಪ್ಲಾಸ್ಟಿಕ್ ಕ್ಯಾಮೆರಾಗೆ ಅದು ಸಾಕಾಗಬಹುದು. ಎಸ್‌ಎಲ್‌ಆರ್‌ಗೆ ಸಾಲದು. ಕೊಳ್ಳುವಾಗ ಒಂದು ಅಯಸ್ಕಾಂತ ಜೇಬಲ್ಲಿರಲಿ. ಗುಂಡಿಗೆ ಹಿಡಿದರೆ ಉಕ್ಕು ಅಂತ ಗೊತ್ತಾಗುತ್ತದೆ. ಹಿಡಿಯದಿದ್ದರೆ ಹಿತ್ತಾಳೆಯೋ ಸ್ಟೇನ್‌ಲೆಸ್ಸೋ ಇರಬಹುದು, ಆಗ ಉಗುರಿನಿಂದ ಕುಟ್ಟಿ ಸದ್ದು ಕೇಳಿ.

ಥ್ರೆಡ್ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಕ್ಷಮಿಸಿ, ಇದು ನನ್ನ ಕಸುಬು. ಕೆಲವು ಬ್ರಾಕೆಟ್‌ಗಳಲ್ಲಿ ಕಾಲು ಇಂಚಿನ ಬದಲು ಎಂ6 ಸ್ಕ್ರೂ ಹಾಕಿರುತ್ತಾರೆ. ಕಣ್ಣಿಗೆ ಎರಡೂ ಒಂದೇ. ಕಾಲು ಇಂಚು ಅಂದರೆ 6.35 ಮಿಲಿಮೀಟರ್, ಸುತ್ತಿನಿಂದ ಸುತ್ತಿಗೆ 1.27 ಮಿಲಿಮೀಟರ್. ಎಂ6 ಅಂದರೆ 6 ಮಿಲಿಮೀಟರ್, ಸುತ್ತಿಗೆ 1 ಮಿಲಿಮೀಟರ್. ಎಂ6 ಅನ್ನು ಕ್ಯಾಮೆರಾ ತೂತಿಗೆ ಇಟ್ಟರೆ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ. ಬಿಗಿಯಾಯ್ತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಬಿಗಿಯಾಗಿರಲ್ಲ, ಅಡ್ಡ ಬಿದ್ದಿರುತ್ತದೆ. ಇನ್ನೂ ಒತ್ತಿ ತಿರುಗಿಸಿದರೆ ಕ್ಯಾಮೆರಾ ತಳದ ಥ್ರೆಡ್ ಹಾಳು. ಗೇಜ್ ಇಲ್ಲದವರಿಗೆ ಸುಲಭದ ದಾರಿ ಇದೆ. ಒಳ್ಳೆ ಟ್ರೈಪಾಡ್‌ನ ಸ್ಕ್ರೂ ಪಕ್ಕಕ್ಕೆ ಬ್ರಾಕೆಟ್ ಸ್ಕ್ರೂ ಇಟ್ಟು, ಹಲ್ಲಿಗೆ ಹಲ್ಲು ಸೇರಿಸಿ ಬೆಳಕಿಗೆ ಹಿಡಿಯಿರಿ. ಹಲ್ಲುಗಳು ಪೂರ್ತಿ ಉದ್ದಕ್ಕೂ ಒಂದರೊಳಗೊಂದು ಕೂತರೆ ಸರಿ. ನಡುವೆ ಬೆಳಕು ತೂರಿದರೆ ವಾಪಸ್ ಕೊಡಿ.

ಸ್ಕ್ರೂ ಉದ್ದವೂ ನೋಡಬೇಕು. ಕ್ಯಾಮೆರಾ ತಳದ ತೂತು ಆಳವಿರಲ್ಲ, ಸುಮಾರು 5 ಮಿಲಿಮೀಟರ್ ಸ್ಕ್ರೂ ಒಳಗೆ ಹೋದರೆ ಸಾಕು. ಬ್ರಾಕೆಟ್‌ನ ಸ್ಕ್ರೂ ಅದರ ಎರಡರಷ್ಟು ಉದ್ದ ಇರುವುದು ಮಾಮೂಲು. ತಿರುಗಿಸುತ್ತಾ ಹೋದರೆ ತೂತಿನ ತಳಕ್ಕೆ ಒತ್ತುತ್ತದೆ, ಹಳೆ ಮಡಚುವ ಕ್ಯಾಮೆರಾದಲ್ಲಿ ತಗಡನ್ನೇ ಒಳಕ್ಕೆ ಉಬ್ಬಿಸಬಹುದು. ಹಾಗಾಗಿ ಸುಮಾರು ನಾಲ್ಕು ಸುತ್ತು ಬೆರಳಲ್ಲಿ ತಿರುಗಿಸಿ, ತಳ ಮುಟ್ಟುವ ಮುಂಚೆಯೇ ನಿಲ್ಲಿಸಿ, ಆಮೇಲೆ ಕೆಳಗಿನ ಗೀರಿನ ಉಂಗುರವನ್ನು ಮೇಲಕ್ಕೆ ತಂದು ಬಿಗಿ ಮಾಡಿ. ಉಂಗುರಕ್ಕೂ ಕ್ಯಾಮೆರಾಕ್ಕೂ ನಡುವೆ ಕಾರ್ಕ್ ವಾಷರ್ ಇರಲಿ. ರಬ್ಬರ್ ವಾಷರ್ ಹಾಕಿದರೆ ವರ್ಷ ಕಳೆದ ಮೇಲೆ ಅಂಟಿಕೊಂಡು ಕಲೆ ಬೀಳುತ್ತದೆ. ಇಕ್ಕಳ ಹಿಡಿಯುವುದು ಬೇಡ. ಬೆರಳಿಗೆ ಎಷ್ಟು ಬರುತ್ತೋ ಅಷ್ಟೇ ಬಿಗಿ ಸಾಕು.

ತೋಳು ಗಿಡ್ಡ ಇರಲಿ ಅಂದೆನಲ್ಲ, ಅದರ ಲೆಕ್ಕ ಹೀಗಿದೆ. 800 ಗ್ರಾಂ ಕ್ಯಾಮೆರಾ ಗೋಡೆಯಿಂದ 9 ಸೆಂಟಿಮೀಟರ್ ದೂರ ಕೂತಿದೆ ಅಂದುಕೊಳ್ಳಿ. ಬುಡದ ಮೇಲಿನ ಸ್ಕ್ರೂಗಳಿಗೂ ಕೆಳಗಿನವಕ್ಕೂ ಅಂತರ ನಾಲ್ಕೂವರೆ ಸೆಂಟಿಮೀಟರ್. ಆಗ ಮೇಲಿನ ಸ್ಕ್ರೂಗಳನ್ನು ಹೊರಕ್ಕೆ ಎಳೆಯುವ ಬಲ 800 ಗುಣಿಲೆ 9 ಭಾಗಿಲೆ 4.5, ಅಂದರೆ ಹತ್ತಿರ ಹತ್ತಿರ 1.6 ಕಿಲೋ. ತೋಳು ಇದರ ಎರಡರಷ್ಟು ಉದ್ದ ಆಯ್ತು ಅಂದರೆ 3.2 ಕಿಲೋ. ಬುಡ ಚಿಕ್ಕದಾದರೆ ಇನ್ನೂ ಜಾಸ್ತಿ. ಕ್ಯಾಮೆರಾ ಅದೇ, ಎಳೆತ ದುಪ್ಪಟ್ಟು. ಜೊತೆಗೆ ಯಾರಾದರೂ ಬಂದು ಶಟರ್ ಒತ್ತಿ ನೋಡುತ್ತಾರೆ, ನೋಡೇ ನೋಡುತ್ತಾರೆ. ಆ ಒತ್ತಡವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೂರು ತೂತಿನ ಪುಟ್ಟ ದುಂಡು ಬುಡಕ್ಕಿಂತ ಉದ್ದನೆ ಚೌಕ ಬುಡ ಒಳ್ಳೆಯದು ಅನ್ನೋದು ಇದಕ್ಕೇ.

ಇನ್ನು ಪ್ಲೈವುಡ್ ಪಟ್ಟಿ. ಒಂದೊಂದು ಬ್ರಾಕೆಟ್‌ಗೂ ಗೋಡೆಯಲ್ಲಿ ನಾಲ್ಕು ತೂತು ಕೊರೆಯುತ್ತಾ ಹೋದರೆ ಗೋಡೆ ಜರಡಿ ಆಗುತ್ತದೆ. ಹೊಸ ಕ್ಯಾಮೆರಾ ಬಂತು, ಸಾಲು ಸರಿಸಬೇಕು ಅಂದರೆ ಮತ್ತೆ ಡ್ರಿಲ್, ಮತ್ತೆ ಧೂಳು, ಮತ್ತೆ ಮನೆಯಲ್ಲಿ ಮಾತು. ಅದಕ್ಕೆ 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಅಂಗೈ ಅಗಲದ ಉದ್ದನೆ ಪಟ್ಟಿಗಳನ್ನು ಸೀಳಿಸಿ, ಗೋಡೆ ಬಣ್ಣವನ್ನೇ ಬಳಿದು, ಗೋಡೆಗೆ ಗಟ್ಟಿಯಾಗಿ ಕೂರಿಸಿದೆ. ಗೋಡೆಗೆ ತೂತು ಪಟ್ಟಿಗಾಗಿ ಮಾತ್ರ. ಆಮೇಲೆ ಬ್ರಾಕೆಟ್ ಎಲ್ಲಿ ಬೇಕೋ ಅಲ್ಲಿ 16 ಮಿಲಿಮೀಟರ್ ಮರದ ಸ್ಕ್ರೂನಿಂದ ಹಾಕುತ್ತೇನೆ, ಬೇಡ ಅಂದರೆ ಬಿಚ್ಚಿ ಸರಿಸುತ್ತೇನೆ. ಉಳಿದ ಸಣ್ಣ ತೂತಿಗೆ ಒಂದು ಚೂರು ಪುಟ್ಟಿ, ಮೇಲೆ ಬಣ್ಣ. ಪಾರ್ಟಿಕಲ್ ಬೋರ್ಡ್ ಪಟ್ಟಿ ಹಾಕಬೇಡಿ, ಒಂದೆರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಅದು ಪುಡಿಯಾಗಿ ಸ್ಕ್ರೂ ಹಿಡಿಯಲ್ಲ.

ಪಟ್ಟಿಯನ್ನು ಗೋಡೆಗೆ ಹಿಡಿದಿಡುವುದು ಪ್ಲಾಸ್ಟಿಕ್ ಪ್ಲಗ್, ಅಂದರೆ ಗೋಡೆ ತೂತಿಗೆ ತುರುಕಿ ಅದರೊಳಗೆ ಸ್ಕ್ರೂ ಬಿಗಿಯುವ ಪುಟ್ಟ ಕೊಳವೆ. ಇಲ್ಲೊಂದು ಸಂಗತಿ ನನಗೆ ಬಹಳ ಖುಷಿ ಕೊಟ್ಟಿತು. ಇವತ್ತು ನಾವು ಬಳಸುವ ಈ ನೈಲಾನ್ ಪ್ಲಗ್ ಅನ್ನು 1958ರಲ್ಲಿ ಕಂಡುಹಿಡಿದವರು ಜರ್ಮನಿಯ ಆರ್ಟೂರ್ ಫಿಶರ್. ಅವರು ಅದಕ್ಕೂ ಮುಂಚೆ ಮಾಡಿದ್ದೇನು ಗೊತ್ತಾ? ಕ್ಯಾಮೆರಾ ಫ್ಲಾಶ್. ಆಗ ಮನೆಯೊಳಗೆ ಫೋಟೋ ತೆಗೆಯೋಕೆ ಮೆಗ್ನೀಸಿಯಂ ಪುಡಿಗೆ ಬೆಂಕಿ ಹಚ್ಚುವವರಿದ್ದರು, ಅಪಾಯದ ಕೆಲಸ. ತಮ್ಮ ಪುಟ್ಟ ಮಗಳ ಫೋಟೋ ಮನೆಯೊಳಗೆ ತೆಗೆಸಬೇಕು ಅಂತ ಹೊರಟ ಫಿಶರ್, ಶಟರ್ ತೆರೆಯುವ ಕ್ಷಣಕ್ಕೇ ಹೊತ್ತಿಕೊಳ್ಳುವ ಫ್ಲಾಶ್ ಮಾಡಿದರು. ಅದನ್ನು ಆಗ್ಫಾ ಕಂಪನಿ ಕೊಂಡುಕೊಂಡಿತು. ಆಮೇಲೆ ಪ್ಲಗ್ ಬಂತು. 2016ರಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರ ಹೆಸರಲ್ಲಿ 1100ಕ್ಕೂ ಹೆಚ್ಚು ಪೇಟೆಂಟ್‌ಗಳಿದ್ದವು. ನನ್ನ ಗೋಡೆ ಮೇಲೆ ಫ್ಲಾಶ್ ಇರುವ ಕ್ಯಾಮೆರಾ ಇದೆ, ಅದರ ಹಿಂದೆ ಗಾರೆಯೊಳಗೆ ಪ್ಲಗ್ ಇದೆ. ಬಂದವರಿಗೆ ಈ ಕತೆ ಹೇಳದೆ ಬಿಡಲ್ಲ ನಾನು.

ಪ್ಲಗ್ ಹಾಕುವಾಗ ಗೋಡೆ ಯಾವುದು ಅಂತ ನೋಡಿ. ಕಾಂಕ್ರೀಟ್, ಗಟ್ಟಿ ಇಟ್ಟಿಗೆಗೆ ಮಾಮೂಲಿ ಪ್ಲಗ್ ಸಾಕು. 8 ಮಿಲಿಮೀಟರ್ ಪ್ಲಗ್‌ಗೆ 8ರದ್ದೇ ಬಿಟ್. ತೂತು ಪ್ಲಗ್‌ಗಿಂತ ಒಂದು ಸೆಂಟಿಮೀಟರ್ ಆಳ ಇರಲಿ, ಒಳಗಿನ ಪುಡಿ ಊದಿ ತೆಗೆಯಿರಿ. ಪುಡಿ ಉಳಿದರೆ ಪ್ಲಗ್ ಪೂರ್ತಿ ಒಳಗೆ ಕೂರಲ್ಲ, ಅರ್ಧ ಜನ ಇಲ್ಲೇ ಬೇಜಾರು ಮಾಡಿಕೊಳ್ಳುವುದು. ಪ್ಲಗ್ ಗಾರೆಯಲ್ಲಿ ಮಾತ್ರ ಕೂತರೆ ಪ್ರಯೋಜನವಿಲ್ಲ, ಗಾರೆ ದಾಟಿ ಇಟ್ಟಿಗೆ ಹಿಡಿಯಬೇಕು. ಟೊಳ್ಳು ಇಟ್ಟಿಗೆ ಆದರೆ ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ ಸುಮ್ನೆ ತಿರುಗಿಸಿ ಕೊರೆಯಿರಿ, ಇಲ್ಲದಿದ್ದರೆ ಒಳಗಿನ ತೆಳು ಗೋಡೆ ಒಡೆಯುತ್ತದೆ. ಜಿಪ್ಸಂ ಬೋರ್ಡ್ ಆದರೆ ಹಿಂದೆ ರೆಕ್ಕೆ ಬಿಚ್ಚಿಕೊಳ್ಳುವ ಬೇರೆ ಪ್ಲಗ್ಗೇ ಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಪಕ್ಕಕ್ಕೆ ಕೊರೆಯಬೇಡಿ, ವೈರ್ ಅಲ್ಲೇ ಓಡಿರುತ್ತದೆ.

ಜೋಡಿಸುವುದರಲ್ಲಿ ಗುಂಡಿನ ಲಾಭ ಏನು ಅಂತ ಗೊತ್ತಾಗುವುದು ಎಲ್ಲ ಹಾಕಿ ಮುಗಿದ ಮೇಲೆ. ಮೊದಲು ಎಲ್ಲವನ್ನೂ ನೇರ ಮುಂದಕ್ಕೆ ತಿರುಗಿಸಿದ್ದೆ. ನನ್ನಾಕೆ ಬಂದು ನೋಡಿ, "ಇಷ್ಟು ಕಣ್ಣಿನ ಎದುರು ಕೂತು ನಾನು ಪೇಪರ್ ಓದಲ್ಲಪ್ಪ" ಅಂದಳು. ಮಾತು ಸರಿಯೇ. ಒಂದೊಂದನ್ನೂ ಸ್ವಲ್ಪ ಓರೆ ಮಾಡಿದೆ. ಒಂದು ಎಡಕ್ಕೆ, ಒಂದು ಸ್ವಲ್ಪ ಕೆಳಕ್ಕೆ. ಓರೆ ಮಾಡಿದಾಗಲೇ ಕ್ಯಾಮೆರಾದ ಚಂದ ಕಾಣುವುದು. ಮೇಲಿನ ಶಟರ್ ಸ್ಪೀಡ್ ಚಕ್ರ, ಫಿಲ್ಮ್ ಎಳೆಯುವ ಕಡ್ಡಿ, ಲೆನ್ಸ್ ಉಂಗುರದ ಮೇಲಿನ ಅಂಕಿಗಳು, ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಕಣ್ಣಿನ ಮಟ್ಟಕ್ಕಿಂತ ಮೇಲಿರುವುದನ್ನು ಕೆಳಕ್ಕೆ ಬಗ್ಗಿಸಬಹುದು, ಕೆಳಗಿನದ್ದನ್ನು ಮೇಲಕ್ಕೆ ಎತ್ತಬಹುದು. ಲೆಡ್ಜ್‌ನಲ್ಲಿ ಈ ಆಟ ಆಗಲ್ಲ.

ಜಾಗ ಆರಿಸುವಾಗ ಕಿಟಕಿ ನೋಡಿಕೊಳ್ಳಿ. ಬಟ್ಟೆಯ ಶಟರ್ ಪರದೆ ಇರುವ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಲೆನ್ಸ್ ಮತ್ತು ಪರದೆ ನಡುವೆ ಕನ್ನಡಿ ಇರಲ್ಲ. ಬಿಸಿಲು ನೇರ ಲೆನ್ಸ್ ಒಳಗೆ ಹೊಕ್ಕರೆ ಪರದೆಯಲ್ಲಿ ಸುಟ್ಟು ತೂತಾಗುತ್ತದೆ. ಆಮೇಲೆ ತೆಗೆದ ಫೋಟೋದಲ್ಲೆಲ್ಲ ಬಿಳಿ ಚುಕ್ಕೆ. ಅಂಥವಕ್ಕೆ ಕ್ಯಾಪ್ ಹಾಕಿಯೇ ಇಡಿ, ಅಥವಾ ಕಿಟಕಿಗೆ ಮುಖ ಕೊಡಬೇಡಿ. ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಅಡ್ಡ ಇರುವುದರಿಂದ ಆ ಭಯ ಕಡಿಮೆ. ತಮಾಷೆ ಅಂದರೆ ಬಿಸಿಲಿನಿಂದ ಲಾಭ ಇರುವ ಲೆನ್ಸೂ ಇದೆ. ಪೆಂಟ್ಯಾಕ್ಸ್‌ನ ಹಳೆ 50 ಎಂಎಂ 1.4 ಟಾಕುಮಾರ್ ಲೆನ್ಸ್‌ಗಳಲ್ಲಿ ಕೆಲವಕ್ಕೆ ಥೋರಿಯಂ ಬೆರೆಸಿದ ಗಾಜು ಹಾಕಿದ್ದರು. ಅದು ವರ್ಷ ಕಳೆದಂತೆ ಹಳದಿ ತಿರುಗುತ್ತದೆ, ಬಿಸಿಲಿನಲ್ಲಿ ಇಟ್ಟರೆ ಹಳದಿ ಇಳಿಯುತ್ತದೆ. ಅದನ್ನೊಂದು ಬಿಚ್ಚಿ ಬೇಕಾದರೆ ಕಿಟಕಿಯಲ್ಲಿಡಿ.

ಹಾಕುವ ಮುಂಚೆ ಬ್ಯಾಟರಿ ತೆಗೆಯಿರಿ, ಗೋಡೆ ಮೇಲಿದ್ದರೆ ಮರೆತೇ ಹೋಗುತ್ತದೆ, ಸೋರಿದರೆ ಒಳಗಿನ ತಂತಿ ತಿನ್ನುತ್ತದೆ. ಫಿಲ್ಮ್ ಕಡ್ಡಿ ಎಳೆದು ಶಟರ್ ಒತ್ತದೆ ಹಾಗೇ ಬಿಡಬೇಡಿ. ಹೊರಗೋಡೆ ತೇವ ಎಳೆಯುವ ಕಡೆ, ಸ್ನಾನದ ಮನೆಗೆ ಹೊಂದಿದ ಗೋಡೆ, ಎರಡೂ ಬೇಡ.

ಬ್ರಾಕೆಟ್‌ನ ಕೊರತೆಗಳೂ ಇವೆ. ಧೂಳು ಕೂರುತ್ತದೆ, ಅದಕ್ಕೆ ಮದ್ದಿಲ್ಲ, ಗಾಳಿ ಊದುವ ರಬ್ಬರ್ ಬಲ್ಬ್ ಮತ್ತು ಮೆತ್ತನೆ ಬ್ರಶ್ ಇಟ್ಟುಕೊಳ್ಳಬೇಕು. ಲೆನ್ಸ್ ಮುಂದೆ ಸಾದಾ ಯುವಿ ಫಿಲ್ಟರ್ ಹಾಕಿದರೆ ಗಾಜು ಉಜ್ಜುವ ಕಷ್ಟ ತಪ್ಪುತ್ತದೆ. ಕ್ಯಾಮೆರಾ ತೆಗೆಯಬೇಕಾದರೆ ಎರಡು ಕೈ ಬೇಕು, ಒಂದು ಹಿಡಿಯೋಕೆ, ಒಂದು ಉಂಗುರ ಸಡಿಲ ಮಾಡೋಕೆ. ದಿನಾ ತೆಗೆದು ಫೋಟೋ ಹೊಡೆಯುವವರಿಗೆ ಇದು ರಗಳೆ. ಟ್ರೈಪಾಡ್ ತೂತು ನಡುವೆ ಇಲ್ಲದ ಕ್ಯಾಮೆರಾಗಳು ಇನ್ನೊಂದು ಪೀಕಲಾಟ. ಲೈಕಾ ಎಂ ಸರಣಿಯ ಫಿಲ್ಮ್ ಕ್ಯಾಮೆರಾಗಳಲ್ಲಿ ಅದು ತಳದ ಒಂದು ತುದಿಯಲ್ಲಿದೆ. ಭಾರವೆಲ್ಲ ಒಂದು ಪಕ್ಕಕ್ಕೆ ವಾಲುತ್ತದೆ, ಉಂಗುರ ಸ್ವಲ್ಪ ಸಡಿಲವಾದರೂ ಕ್ಯಾಮೆರಾ ಸುತ್ತಿಕೊಂಡುಬಿಡುತ್ತದೆ. ಜೊತೆಗೆ ಆ ತಳದ ತಟ್ಟೆ ಬಿಚ್ಚುವ ಭಾಗ, ಪೂರ್ತಿ ಕ್ಯಾಮೆರಾ ಅದರ ಕೊಂಡಿ ಮೇಲೆ ನಿಂತಿರಬೇಕಾಗುತ್ತದೆ. ಗೆಳೆಯನೊಬ್ಬನ ಹತ್ತಿರ ಒಂದಿದೆ, ಅವನಿಗೆ ನಾನು ಬ್ರಾಕೆಟ್ ಹೇಳಲಿಲ್ಲ. ಆಳವಿರುವ ಸಣ್ಣ ಹಲಗೆ ಹಾಕಿಸಿಕೋ ಅಂದೆ. ತೂತೇ ಇಲ್ಲದ ಪೆಟ್ಟಿಗೆ ಕ್ಯಾಮೆರಾಗಳಿಗೂ ಹಲಗೆಯೇ ಗತಿ. ಅವು ಹಗುರ, ತಳ ಚಪ್ಪಟೆ, ಹಲಗೆ ಮೇಲೆ ಚೆನ್ನಾಗೇ ಕಾಣುತ್ತವೆ.

ಯಶಿಕಾ ಮ್ಯಾಟ್ ತೂಗುವುದು 1.1 ಕಿಲೋ. ಲೆಕ್ಕದಲ್ಲಿ ಬ್ರಾಕೆಟ್ ತಡೆಯುತ್ತದೆ, ಉಕ್ಕಿನ ಗುಂಡು ಜಾರಲಿಲ್ಲ ಕೂಡ. ಆದರೆ ಆ ಕ್ಯಾಮೆರಾದ ಮಜಾ ಇರುವುದು ಮೇಲಿನ ಮುಚ್ಚಳ ತೆರೆದು, ಬಗ್ಗಿ ಒಳಗೆ ನೋಡುವುದರಲ್ಲಿ. ಅದಕ್ಕೆ ಎದೆ ಮಟ್ಟದ ಹಲಗೆಯೇ ಸರಿ ಅಂತ ಕೆಳಗಿಳಿಸಿದ್ದೇನೆ. ಬ್ರಾಕೆಟ್ ಖಾಲಿಯಾಗಿದೆ. ಅಲ್ಲಿಗೆ ಒಲಿಂಪಸ್ ಓಎಂ-1 ಬರಬೇಕು ಅಂತ ಮನಸ್ಸಿದೆ, ಮೈ ತೂಕ 510 ಗ್ರಾಂ ಅಷ್ಟೇ, ಸ್ಕ್ರೂಗಳಿಗೆ ತಿಳಿಯೋದೂ ಇಲ್ಲ. ಒಳ್ಳೆ ಸ್ಥಿತಿಯಲ್ಲಿ ಇರೋದು ಇನ್ನೂ ಸಿಕ್ಕಿಲ್ಲ.